ಗುಂಡಿ ಯಾವ ಕಡೆಗೆ

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ, ಹಿಟ್ಟಿನ ಗಿರಣಿಯ ಪಕ್ಕ,
ನನ್ನ ಅಂಗಡಿಗೆ ಬೋರ್ಡಿಲ್ಲ.
ಅಪ್ಪನ ಕಾಲದ ಕತ್ತರಿ, ಅಪ್ಪನ ಕಾಲದ್ದೇ ಬೆಂಚು.
ಚರ್ಚಿನವರ ನಿಲುವಂಗಿ ಹೊಲಿಯುವವನು
ಹಾಸನದಲ್ಲಿ ನಾನೊಬ್ಬನೇ ಉಳಿದಿದ್ದೇನೆ,
ವಿಠ್ಠಲನ ಪಟದ ಕೆಳಗೆ ಕೂತು.

ಕೆಂಪು ರಟ್ಟಿನ ಪುಸ್ತಕದಲ್ಲಿ ಐದು ಬಿಷಪ್ಪರಿದ್ದಾರೆ.
ಒಬ್ಬರ ಎಡಭುಜ ತಗ್ಗು,
ಒಬ್ಬರ ಹೊಟ್ಟೆ ಪ್ರತಿ ಈಸ್ಟರಿಗೆ ಒಂದಿಂಚು ಮುಂದೆ.
ತೀರಿಹೋದವರ ಅಳತೆಯನ್ನು ನಾನು ಹೊಡೆದುಹಾಕುವುದಿಲ್ಲ.

ಸೋಮವಾರ ಆಕೆ ಬಂದರು.
ತಾಯಿ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು,
ಸಾಲಕ್ಕೆ ಯೂನಿಫಾರಂ ಹೊಲಿಸುತ್ತಿದ್ದವರು:
"ಬೆಳೆಯೋ ಹುಡುಗಿ, ಒಳಗೆ ಮೂರು ಬೆರಳು ಮಡಚಿಡಪ್ಪ."
ವರ್ಷಕ್ಕೊಂದು ಬೆರಳು ಬಿಚ್ಚಿ ಕೊಟ್ಟಿದ್ದೇನೆ.

ಪುಸ್ತಕ ತೆರೆದೆ. ಹೆಸರಿನ ಜೊತೆ ಏನು ಬರೆಯಲಿ?
ಪಾದ್ರಿಯಾದರೆ ಅಯ್ಯನವರು,
ಅವರ ಮನೆಯಾಕೆ ಅಮ್ಮನವರು,
ಊರಿಗೆ ಗೊತ್ತಿರುವ ಲೆಕ್ಕ ಇಷ್ಟೇ.
ಈಕೆಯನ್ನು ಅಮ್ಮನವರು ಅಂದರೆ
ಅಯ್ಯನವರೆಲ್ಲಿ ಎಂದು ಮಾತೇ ಕೇಳುತ್ತದೆ.
(ಯಜಮಾನರು ಕೆ.ಇ.ಬಿ.ಯಲ್ಲಿ ಮೀಟರ್ ಓದಿ ನಿವೃತ್ತರು,
ಹೊರಗೆ ಸ್ಕೂಟರ್ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.)
"ಬರೀ ಜ್ಞಾನವತಿ ಅಂತ ಬರೀರಿ ಪಾಂಡುರಂಗಣ್ಣ,
ಟೇಪಿಗೆ ಬಿರುದು ಯಾಕೆ?"

ಸೊಸೆ ಅಳತೆ ಹಿಡಿದಳು,
ನಾನು ಗೋಡೆಗೆ ಮುಖಮಾಡಿ ಬರೆದುಕೊಂಡೆ.
ಭುಜ ಹದಿನೈದು. ತೋಳು ಇಪ್ಪತ್ತೆರಡು.
ಎದೆಗೆ ಎರಡು ಡಾರ್ಟ್:
ಕೆಂಪು ಪುಸ್ತಕದಲ್ಲಿ ಆ ಪದ ಮೊದಲ ಸಲ.

ಜೇಬು?
"ಎರಡು. ಆಳವಾಗಿ.
ಹೆಂಗಸರ ಬಟ್ಟೆಗೆ ನೀವು ಜೇಬು ಇಡೋದೇ ಇಲ್ಲ,
ಬೀಗದ ಕೈ ಎಲ್ಲಾ ಇನ್ಯಾರದೋ ಜೇಬಲ್ಲಿ."

ಆಮೇಲೆ ಬಂತು ಕಷ್ಟ.
ಮುಂಭಾಗಕ್ಕೆ ಮೂವತ್ತೊಂಬತ್ತು ಗುಂಡಿ.
ಗಂಡಸಿನ ಅಂಗಿಗೆ ಗುಂಡಿ ಬಲಕ್ಕೆ,
ಹೆಂಗಸಿನದಕ್ಕೆ ಎಡಕ್ಕೆ,
ಯಾರು ಮಾಡಿದ ಶಾಸ್ತ್ರವೋ, ಅಪ್ಪ ಕಲಿಸಿದ್ದು.
ಬಿಷಪ್ಪರಿಗೆ?
ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಇಪ್ಪತ್ತೆರಡು ವರ್ಷ, ತೀರಿಕೊಂಡ ಒಬ್ಬ ಅಯ್ಯನವರ
ಹಳೇ ನಿಲುವಂಗಿ ತೊಟ್ಟೇ ರೊಟ್ಟಿ ಮುರಿದೆ.
ಕೈಗೆ ಬಲಗಡೆಯೇ ರೂಢಿ."
ಮತ್ತೆ,
"ಎಡಕ್ಕೇ ಹಾಕಿ. ಕೈ ಕಲೀಲಿ."

ಬುಧವಾರ ಹಿರಿಯರೊಬ್ಬರು ಬಂದರು, ಸಭೆಯ ಖಜಾಂಚಿ,
ಅಪ್ಪನ ಕಾಲದ ಗಿರಾಕಿ. ಸ್ಟೂಲು ಕೊಟ್ಟರೂ ಕೂರಲಿಲ್ಲ.
"ಅವಸರ ಮಾಡಬೇಡಿ ಪಾಂಡು. ಕೋರ್ಟಿಂದ ತಡೆ ತರ್ತಾ ಇದ್ದೀವಿ.
ಆಕೆ ಒಳ್ಳೆಯವರೇ. ಭಾನುವಾರದ ಶಾಲೆ, ಸ್ತ್ರೀಯರ ಕೂಟ,
ಎಲ್ಲಾ ಚೆನ್ನಾಗಿ ನಡೆಸಿದರು. ಆದರೆ ಬಿಷಪ್ಪು ಅಂದರೆ..."
ಆ "ಅಂದರೆ"ಯನ್ನು ನನ್ನ ಅಂಗಡಿಯಲ್ಲೇ ಬಿಟ್ಟು ಹೋದರು.

ನೇರಳೆ ಬಟ್ಟೆ ಬೆಂಚಿನ ಮೇಲಿತ್ತು,
ಸುಣ್ಣದ ಗೆರೆ ಎಳೆದಾಗಿತ್ತು.
ನಾನು ಆ ದೇವರಿಗೂ ಸೇರಿದವನಲ್ಲ, ಆ ವ್ಯಾಜ್ಯಕ್ಕೂ.
ಕಾಯಬಹುದಿತ್ತು.
ಕತ್ತರಿಸಿದ ಬಟ್ಟೆ ಮತ್ತೆ ಥಾನು ಸೇರುವುದಿಲ್ಲ
ಅಂತ ಗೊತ್ತಿದ್ದೇ
ಕತ್ತರಿಸಿದೆ.

ತಡೆ ಬಂತು. ಹನ್ನೊಂದು ದಿನ ಇತ್ತು. ಹೋಯಿತು.
ಹನ್ನೊಂದು ದಿನವೂ ಕಾಜಾ ಹೊಲಿದೆ.

ಆಕೆಯ ಮೊದಲ ಆರಾಧನೆ ನಮ್ಮೂರಲ್ಲೇ.
ಬಿಲ್ಲು ಕೊಡುವ ನೆಪದಲ್ಲಿ ಹೋಗಿ
ವೆಸ್ಟ್ರಿಯ ಬಾಗಿಲಲ್ಲಿ ನಿಂತೆ.
ಆಕೆಯ ಬೆರಳುಗಳು ಬಲಕ್ಕೆ ಹೋದವು, ಗುಂಡಿ ಸಿಗಲಿಲ್ಲ,
ಬರೀ ಬಟ್ಟೆ. ತಡೆದವು. ಎಡಕ್ಕೆ ಬಂದವು,
ಒಂದೊಂದಾಗಿ, ಕೆಳಗಿನಿಂದ.

ಎಲ್ಲರೂ ಕಿರೀಟ ನೋಡಿದರು.
ನಾನು ಕೊನೆಯ ಬೆಂಚಿನಿಂದ ಅಂಚು ನೋಡುತ್ತಿದ್ದೆ:
ಎಡಗಡೆ ಕಾಲಿಂಚು ಇಳಿದಿದೆ.
ಐವತ್ತಾರರ ಮೈಗೂ ಯಾಕೋ ಕೈ ಬಿಡದೆ
ಒಳಗೆ ಮೂರು ಬೆರಳು ಮಡಚಿಟ್ಟಿದ್ದೇನೆ.
ಬಿಚ್ಚಿ ಸರಿಮಾಡಬಹುದು.